ಮಾನಂತವಾಡಿಗೆ ಕಣ್ಣೂರು, ಬತ್ತೇರಿಗೆ ಕಲ್ಲಿಕೋಟೆ

ಒಂದು ಪ್ರಶ್ನೆಯಿಂದಲೇ ಶುರು ಮಾಡೋಣ. ವಯನಾಡು ಜಿಲ್ಲೆಯಲ್ಲಿರುವುದು ಮೂರೇ ತಾಲೂಕುಗಳು - ಮಾನಂತವಾಡಿ, ಸುಲ್ತಾನ್ ಬತ್ತೇರಿ ಮತ್ತು ವೈತ್ತಿರಿ. ಅಲ್ಲಿಯ ಅಕ್ಕತಂಗಿಯರಿಬ್ಬರ ಮಕ್ಕಳು ಪದವಿಗೆ ಸೇರಿದರೆಂದು ಇಟ್ಟುಕೊಳ್ಳಿ. ಅಕ್ಕನ ಮಗಳು ಮಾನಂತವಾಡಿಯ ಸರಕಾರಿ ಕಾಲೇಜಿಗೆ, ತಂಗಿಯ ಮಗ ಬತ್ತೇರಿಯ ಸೈಂಟ್ ಮೇರೀಸ್ ಕಾಲೇಜಿಗೆ. ಜಿಲ್ಲೆ ಒಂದೇ, ಕಾಡು ಒಂದೇ, ಮಳೆಯೂ ಒಂದೇ. ಆದರೂ ಆಕೆಯ ಸಿಲೆಬಸ್ ತಯಾರಾಗುವುದು ಕಣ್ಣೂರಿನಲ್ಲಿ. ಈತನದ್ದು ಮಲಪ್ಪುರಂ ಜಿಲ್ಲೆಯ ತೇಞಿಪ್ಪಲದಲ್ಲಿರುವ ಕಲ್ಲಿಕೋಟೆ ವಿಶ್ವವಿದ್ಯಾನಿಲಯದಲ್ಲಿ. ಇನ್ನು ಪೂಕೋಡಿನ ಪಶುವೈದ್ಯ ಕಾಲೇಜಿಗೆ ಸೇರಿದವರಿಗೆ ಮೂರನೆಯದೊಂದು ವಿಶ್ವವಿದ್ಯಾನಿಲಯ!

ಇದರಲ್ಲಿ ಕನ್ನಡ ಶಾಲೆಯ ನಮಗೇನು ಎಂದು ನೀವು ಕೇಳಬಹುದು. ಇದೆ. ಮಾನಂತವಾಡಿ ತಾಲೂಕು ಮತ್ತು ನಮ್ಮ ಕಾಸರಗೋಡು ಜಿಲ್ಲೆ ಒಂದೇ ವಿಶ್ವವಿದ್ಯಾನಿಲಯದ ಕೆಳಗಿವೆ. ನಮ್ಮ ಮಕ್ಕಳು ಕಾಲೇಜಿನಲ್ಲಿ ಓದುವ ಕನ್ನಡ ಪಾಠವನ್ನು ಆರಿಸುವ, ತಿದ್ದುವ, ಒಪ್ಪಿಗೆ ಕೊಡುವ ವ್ಯವಸ್ಥೆಯೇ ಮಾನಂತವಾಡಿಗೂ ಅನ್ವಯಿಸುತ್ತದೆ. ಹತ್ತನೆಯ ತನಕದ ಪುಸ್ತಕ ಎಲ್ಲಿಂದ ಬರುತ್ತದೆ, ಯಾರು ಅನುವಾದ ಮಾಡುತ್ತಾರೆ, ಯಾಕೆ ತಡವಾಗುತ್ತದೆ ಎಂಬುದೆಲ್ಲ ನಮಗೆ ಬಾಯಿಪಾಠ. ಆದರೆ ನಮ್ಮ ಶಾಲೆಯ ಗೇಟು ದಾಟಿದ ಮಕ್ಕಳಿಗೆ ಮುಂದೆ ಯಾವ ಕನ್ನಡ ಸಿಗುತ್ತದೆ, ಎಷ್ಟು ಸಿಗುತ್ತದೆ, ಅದನ್ನು ಯಾರು ಎಲ್ಲಿ ಕುಳಿತು ತೀರ್ಮಾನಿಸುತ್ತಾರೆ ಎಂಬ ಬಗ್ಗೆ ನಾವು ಹೆಚ್ಚು ಮಾತನಾಡಿದ್ದೇ ಇಲ್ಲ. ಅದರ ಚರಿತ್ರೆಯನ್ನು ಸ್ವಲ್ಪ ಕೆದಕೋಣ.

ಮೊದಲು ವಯನಾಡು ಹೀಗೆ ಇಬ್ಭಾಗವಾದ ಕತೆ. ಕನ್ನಡ ಶಾಸನಗಳಲ್ಲಿ ಇದು ಬಯಲ್ನಾಡು. ಹೊಯ್ಸಳರ ಕಾಲದ ಶಾಸನಗಳಲ್ಲೂ ಈ ಹೆಸರು ಬರುತ್ತದೆ. ಇಲ್ಲಿ ಹುಟ್ಟಿದ ನೀರು ಕಬಿನಿಯಾಗಿ ಹೆಗ್ಗಡದೇವನಕೋಟೆಯ ಕಡೆಗೆ ಹರಿಯುತ್ತದೆ. ಬತ್ತೇರಿಗೆ ಟಿಪ್ಪುವಿನ ಕಾಲದ ಹೆಸರು ಅಂಟುವ ಮೊದಲು ಅಲ್ಲಿಯ ಜೈನರು ಆ ಊರನ್ನು 'ಹನ್ನೆರಡು ಬೀದಿ' ಎನ್ನುತ್ತಿದ್ದರಂತೆ. ಅಚ್ಚ ಕನ್ನಡ ನೋಡಿ! ಬ್ರಿಟಿಷರ ಕಾಲದಲ್ಲಿ ಇದು ಮಲಬಾರು ಜಿಲ್ಲೆಗೆ ಸೇರಿತು. 1877ರಲ್ಲಿ ಗೂಡಲೂರಿನ ಕಡೆಯ ಭಾಗವನ್ನು ಕತ್ತರಿಸಿ ನೀಲಗಿರಿಗೆ ಕೊಟ್ಟರು. 1957ರಲ್ಲಿ ಮಲಬಾರು ಜಿಲ್ಲೆಯನ್ನು ಮೂರು ಪಾಲು ಮಾಡಿದಾಗ ಉತ್ತರ ವಯನಾಡು ತಾಲೂಕು ಕಣ್ಣೂರು ಜಿಲ್ಲೆಗೂ ದಕ್ಷಿಣ ವಯನಾಡು ಕಲ್ಲಿಕೋಟೆ ಜಿಲ್ಲೆಗೂ ಹೋದವು. 1980ರ ನವೆಂಬರ್ 1ರಂದು ಅವೆರಡನ್ನೂ ಕೂಡಿಸಿ ವಯನಾಡು ಜಿಲ್ಲೆ ಮಾಡಲಾಯಿತು. ಆ ಉತ್ತರ ವಯನಾಡೇ ಇಂದಿನ ಮಾನಂತವಾಡಿ ತಾಲೂಕು.

ಮುಂದೆ 1995ರ ನವೆಂಬರಿನಲ್ಲಿ ಸುಗ್ರೀವಾಜ್ಞೆಯ ಮೂಲಕ ಮಲಬಾರು ವಿಶ್ವವಿದ್ಯಾನಿಲಯ ಎಂಬುದೊಂದು ಹುಟ್ಟಿತು. 1996ರ ಕಾಯಿದೆ ಅದಕ್ಕೆ ಕಣ್ಣೂರು ವಿಶ್ವವಿದ್ಯಾನಿಲಯ ಎಂದು ಹೆಸರಿಟ್ಟಿತು. ಕಾಯಿದೆ ಹೇಳಿದ ವ್ಯಾಪ್ತಿ ಇಷ್ಟು: ಕಾಸರಗೋಡು ಮತ್ತು ಕಣ್ಣೂರು ಕಂದಾಯ ಜಿಲ್ಲೆಗಳು, ಜೊತೆಗೆ ವಯನಾಡು ಜಿಲ್ಲೆಯ ಮಾನಂತವಾಡಿ ತಾಲೂಕು. ಹದಿನಾರು ವರ್ಷಗಳ ಹಿಂದೆಯೇ ಅಳಿಸಿಹೋಗಿದ್ದ ಜಿಲ್ಲಾ ಗಡಿಯೊಂದು ಕಾಲೇಜು ಪಾಠದ ಗಡಿಯಾಗಿ ಮತ್ತೆ ಎದ್ದು ನಿಂತಿತು. ಗೂಡಲೂರಿನ ಪಾಲಂತೂ ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾನಿಲಯಕ್ಕೆ ಹೋಯಿತು. ನಕ್ಷೆಯ ಮೇಲೆ ಎಳೆದ ಗೆರೆಯನ್ನು ಅಳಿಸಬಹುದು, ಆದರೆ ಕಡತದೊಳಗೆ ಒಮ್ಮೆ ಹೊಕ್ಕ ಗೆರೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ ಎಂಬುದು ಗಡಿನಾಡಿನ ನಮಗೆ ಹೊಸ ವಿಷಯವೇನಲ್ಲ.

ಈಗ ಪಾಠ ಮಂಜೂರಾಗುವ ಕ್ರಮ. ಒಂದು ವಿಷಯದ ಪಠ್ಯಕ್ರಮವನ್ನು ಬರೆಯುವುದು ಆ ವಿಷಯದ ಅಧ್ಯಯನ ಮಂಡಳಿ. ಅದೇ ನಮ್ಮ ಕಾಲೇಜು ಅಧ್ಯಾಪಕರು 'ಬೋರ್ಡ್ ಆಫ್ ಸ್ಟಡೀಸ್' ಎನ್ನುವುದು. ಅದರಲ್ಲಿ ಕೆಲವೇ ಮಂದಿ ಅಧ್ಯಾಪಕರು, ಒಬ್ಬರು ಅಧ್ಯಕ್ಷರು. ಅವರು ಕಾರ್ಯಾಗಾರ ನಡೆಸಿ, ಯಾವ ಕವಿ ಬೇಕು, ಯಾವ ಕಾದಂಬರಿ ಬೇಕು, ವ್ಯಾಕರಣ ಎಷ್ಟು, ಅಂಕ ಎಷ್ಟು, ಮಾದರಿ ಪ್ರಶ್ನಪತ್ರಿಕೆ ಹೇಗಿರಬೇಕು ಎಂದು ಕರಡು ಮಾಡುತ್ತಾರೆ. ಕರಡು ನಿಕಾಯಕ್ಕೆ, ಅಂದರೆ ಫ್ಯಾಕಲ್ಟಿಗೆ ಹೋಗುತ್ತದೆ. ಅಲ್ಲಿಂದ ಅಕಾಡೆಮಿಕ್ ಕೌನ್ಸಿಲ್ಲಿಗೆ. ಅಲ್ಲಿ ಒಪ್ಪಿಗೆಯಾದ ಮೇಲೆ ವಿಶ್ವವಿದ್ಯಾನಿಲಯದ ಆದೇಶ. ಕೌನ್ಸಿಲ್ ಸೇರುವಷ್ಟು ಸಮಯವಿಲ್ಲದಿದ್ದರೆ ಕುಲಪತಿಗಳೇ ಕೌನ್ಸಿಲ್ಲಿನ ಅಧಿಕಾರ ಬಳಸಿ ಸಹಿ ಹಾಕಿ, ಆಮೇಲೆ ಸಭೆಗೆ ವರದಿ ಮಾಡುವ ಅವಕಾಶವೂ ಕಾಯಿದೆಯಲ್ಲಿದೆ. ಜೂನಿನಲ್ಲಿ ತರಗತಿ ಶುರುವಾಗಬೇಕು, ಮೇ ತಿಂಗಳಲ್ಲಿ ಸಿಲೆಬಸ್ ಸಿದ್ಧವಾಗುತ್ತದೆ ಎಂಬ ನಮ್ಮ ದೇಶದ ಪದ್ಧತಿಯಲ್ಲಿ ಈ ಅವಕಾಶಕ್ಕೆ ಬಿಡುವೇ ಇರುವುದಿಲ್ಲ!

ಸಿಲೆಬಸ್ ಮಂಜೂರಾದ ಮಾತ್ರಕ್ಕೆ ತರಗತಿ ತೆರೆಯುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇವೆ. ಒಂದು ಕಾಲೇಜಿನಲ್ಲಿ ಹೊಸ ಕೋರ್ಸು ಬರಬೇಕಾದರೆ ವಿಶ್ವವಿದ್ಯಾನಿಲಯದ ಮಾನ್ಯತೆ ಬೇಕು, ಸರಕಾರದ ಅನುಮತಿ ಬೇಕು, ಅಧ್ಯಾಪಕ ಹುದ್ದೆ ಬೇಕು. ಹುದ್ದೆಗೆ ವಾರದಲ್ಲಿ ಇಂತಿಷ್ಟು ಗಂಟೆ ಪಾಠ ಇರಬೇಕು. ಆ ಗಂಟೆಗಳನ್ನು ಹುಟ್ಟಿಸುವುದೂ ಇಳಿಸುವುದೂ ಮತ್ತೆ ಅದೇ ಪಠ್ಯಕ್ರಮ. ಸಣ್ಣ ಭಾಷೆಯ ವಿಭಾಗಗಳಿಗೆ ಪ್ರಾಣಸಂಕಟ ಬರುವುದು ಇಲ್ಲಿಯೇ.

ಈ ಮಂಡಳಿ, ಮಾನ್ಯತೆ, ಪರೀಕ್ಷೆಗಳ ಪದ್ಧತಿ ನಮ್ಮಲ್ಲಿ ಹುಟ್ಟಿದ್ದಲ್ಲ. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯ ಸ್ಥಾಪಿಸಿದಾಗ ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯನ್ನು ತಂದರು. ಪಾಠ ಹೇಳುವುದು ದೂರದ ಕಾಲೇಜು, ಪಾಠ ಯಾವುದೆಂದು ಹೇಳಿ ಪರೀಕ್ಷೆ ನಡೆಸುವುದು ನಗರದ ವಿಶ್ವವಿದ್ಯಾನಿಲಯ. ಹಾಗಾಗಿ ಮಂಗಳೂರು, ಮೈಸೂರು, ಬೆಂಗಳೂರುಗಳ ಕಾಲೇಜು ಪಾಠ ಮದರಾಸಿನಲ್ಲಿ ನಿಶ್ಚಯವಾಗುತ್ತಿತ್ತು, ಧಾರವಾಡದ್ದು ಬೊಂಬಾಯಿಯಲ್ಲಿ.

ದೇಶಭಾಷೆಯನ್ನು ಎಂ.ಎ. ತನಕ ಕಲಿಸಬಹುದೆಂಬ ಧೈರ್ಯ ಮೊದಲು ಬಂದದ್ದು ಕಲ್ಕತ್ತಕ್ಕೆ. ಆಶುತೋಷ ಮುಖರ್ಜಿಯವರ ಪ್ರಯತ್ನದಿಂದ 1919ರಲ್ಲಿ ಅಲ್ಲಿ ಭಾರತೀಯ ಭಾಷೆಗಳ ಎಂ.ಎ. ಶುರುವಾಯಿತು. ನಮ್ಮ ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲೇ ಸ್ಥಾಪನೆಯಾಗಿತ್ತು. ಮಹಾರಾಜರ ಬೆಂಬಲವಿತ್ತು, ಕನ್ನಡಿಗರದ್ದೇ ರಾಜ್ಯ, ಕನ್ನಡಿಗರೇ ಅಧ್ಯಾಪಕರು. ಬಿ.ಎಂ. ಶ್ರೀಕಂಠಯ್ಯನವರು ಕನ್ನಡ ತಲೆಯೆತ್ತುವ ಬಗ್ಗೆ 1911ರಷ್ಟು ಹಿಂದೆಯೇ ಧಾರವಾಡದಲ್ಲಿ ಭಾಷಣ ಮಾಡಿದ್ದರು. ಇಷ್ಟೆಲ್ಲ ಇದ್ದೂ ಕನ್ನಡ ಎಂ.ಎ. ತರಗತಿ ತೆರೆದದ್ದು 1927ರಲ್ಲಿ. ಹನ್ನೊಂದು ವರ್ಷ ಹಿಡಿಯಿತು! ಟಿ.ಎಸ್. ವೆಂಕಣ್ಣಯ್ಯನವರು ಅಧ್ಯಾಪಕರು, ಕುವೆಂಪು ಮತ್ತು ಡಿ.ಎಲ್. ನರಸಿಂಹಾಚಾರ್ಯರು ಮೊದಲ ತಂಡದ ವಿದ್ಯಾರ್ಥಿಗಳು. ಆ ತರಗತಿಗೆ ಒಪ್ಪಿಗೆ ಸಿಗುವುದು ಇನ್ನೂ ನಾಲ್ಕು ವರ್ಷ ತಡವಾಗಿದ್ದರೆ ಇಬ್ಬರೂ ಬೇರೆ ಯಾವುದೋ ವಿಷಯದ ಎಂ.ಎ. ಆಗಿಬಿಡುತ್ತಿದ್ದರು. ಅದೇ ಕುವೆಂಪು 1956ರಿಂದ 1960ರ ವರೆಗೆ ಆ ವಿಶ್ವವಿದ್ಯಾನಿಲಯದ ಕುಲಪತಿಯಾಗಿ ಕಾಲೇಜು ಪಾಠವನ್ನೂ ಕನ್ನಡದಲ್ಲಿ ಹೇಳಬಹುದೆಂದು ಪಟ್ಟು ಹಿಡಿದದ್ದು ನಿಮಗೆ ಗೊತ್ತೇ ಇದೆ.

ಸರಿ, ಕುವೆಂಪು ಮೈಸೂರಿನಲ್ಲಿ ಕುಲಪತಿಯಾದ ವರ್ಷವೇ ನಾವು ಗಡಿಯ ಈಚೆಗೆ ಬಂದದ್ದು. ಅದುವರೆಗೆ ದಕ್ಷಿಣ ಕನ್ನಡ ಜಿಲ್ಲೆ, ಮಲಬಾರು ಜಿಲ್ಲೆ ಎರಡೂ ಮದರಾಸು ಪ್ರಾಂತ್ಯದೊಳಗಿದ್ದವು. ಕಾಸರಗೋಡಿನವರಿಗೂ ವಯನಾಡಿನವರಿಗೂ ಮದರಾಸು ವಿಶ್ವವಿದ್ಯಾನಿಲಯವೇ. ಅಲ್ಲಿ ಕನ್ನಡಕ್ಕೆ ಒಳ್ಳೆಯ ಸ್ಥಾನವೇ ಇತ್ತು. ಕಿಟ್ಟೆಲ್ ಕೋಶವನ್ನು ಪರಿಷ್ಕರಿಸಿದ ಮರಿಯಪ್ಪ ಭಟ್ಟರು ಅಲ್ಲಿಯ ಕನ್ನಡ ವಿಭಾಗದ ಮುಖ್ಯಸ್ಥರಾಗಿದ್ದವರು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಮಂಗಳೂರಿನ ಕಾಲೇಜುಗಳು ಮೈಸೂರು ವಿಶ್ವವಿದ್ಯಾನಿಲಯದ ಕಡೆಗೆ ಹೋದವು. ನಾವು 1957ರ ಕಾಯಿದೆಯ ಕೇರಳ ವಿಶ್ವವಿದ್ಯಾನಿಲಯದ ಕಡೆಗೆ ಹೋದೆವು. ಅದರ ಕಛೇರಿ ತಿರುವನಂತಪುರದಲ್ಲಿ. ಅಂದರೆ ರಾಜ್ಯದ ಉತ್ತರ ತುದಿಯ ಹುಡುಗ ಕನ್ನಡದಲ್ಲಿ ಏನು ಓದಬೇಕೆಂಬ ಕಾಗದಕ್ಕೆ ದಕ್ಷಿಣ ತುದಿಯಲ್ಲಿ ಸಹಿ ಬೀಳಬೇಕು.

ಕಾಸರಗೋಡು ಸರಕಾರಿ ಕಾಲೇಜು ಶುರುವಾದದ್ದೂ 1957ರಲ್ಲೇ. ಗಡಿ ಚಳವಳಿಯ ಕಾವಿನ ದಿನಗಳವು. ಆ ಕಾಲೇಜಿನ ಚರಿತ್ರೆಯೇ ಈ ಕತೆಗೆ ಸಾಕ್ಷಿ. ಕಟ್ಟಡ ಕದಲಲಿಲ್ಲ, ಕನ್ನಡ ವಿಭಾಗ ಕದಲಲಿಲ್ಲ, ಆದರೆ ಮೇಲಿನ ವಿಶ್ವವಿದ್ಯಾನಿಲಯ ಎರಡು ಸಲ ಬದಲಾಯಿತು. ಮೊದಲು ಕೇರಳ, 1968ರಿಂದ ಕಲ್ಲಿಕೋಟೆ, 1996ರಿಂದ ಕಣ್ಣೂರು. ಪ್ರತಿ ಸಲವೂ ಹೊಸ ಮಂಡಳಿ, ಹೊಸ ನಿಯಮ, ಹೊಸ ಸಿಲೆಬಸ್. 1980ರಲ್ಲಿ ಮಂಜೇಶ್ವರದಲ್ಲಿ ಗೋವಿಂದ ಪೈಗಳ ಹೆಸರಿನ ಸರಕಾರಿ ಕಾಲೇಜು ಬಂತು. ಅದೇ ವರ್ಷ ಹತ್ತಿರದಲ್ಲೇ, ಆದರೆ ಗಡಿಯಾಚೆ, ಮಂಗಳೂರು ವಿಶ್ವವಿದ್ಯಾನಿಲಯವೂ ಬಂತು.

ನಮ್ಮ ಮಕ್ಕಳಲ್ಲಿ ಅನೇಕರು ಮಂಗಳೂರಿನ ಕಡೆಗೆ ನಡೆದರು. ಅದು ಸಹಜವೇ. ಆದರೆ ಅಲ್ಲಿ ಸೇರಲು ಅರ್ಹತಾ ಪತ್ರ, ಓದಿ ಮುಗಿಸಿ ಇಲ್ಲಿ ಕೆಲಸ ಕೇಳಲು ಬಂದರೆ ತತ್ಸಮಾನ ಪತ್ರ! ಮಂಗಳೂರಿನ ಕನ್ನಡ ಎಂ.ಎ. ಇಲ್ಲಿಯ ಕನ್ನಡ ಎಂ.ಎ.ಗೆ ಸಮ ಎಂದು ಕೇರಳದ ವಿಶ್ವವಿದ್ಯಾನಿಲಯವೊಂದು ಬರೆದುಕೊಡಬೇಕು. ಬಹುಕಾಲ ಪಿ.ಎಸ್.ಸಿ. ಅರ್ಜಿಯ ಜೊತೆ ಈ ಕಾಗದಕ್ಕಾಗಿ ಅಲೆದವರು ನಮ್ಮ ಸ್ಟಾಫ್ ರೂಮುಗಳಲ್ಲಿ ಎಷ್ಟು ಮಂದಿ ಇಲ್ಲ? ಪಂಪ ಚಂದ್ರಗಿರಿಯ ಆಚೆಗೂ ಈಚೆಗೂ ಒಂದೇ ಎಂಬುದನ್ನು ಕೂಡ ಸಾಬೀತು ಮಾಡಬೇಕಾಗಿತ್ತು.

ಕಣ್ಣೂರು ವಿಶ್ವವಿದ್ಯಾನಿಲಯ ಬಂದದ್ದರಿಂದ ಕಾಸರಗೋಡಿಗೆ ಒಳ್ಳೆಯದಾಯಿತೇ? ಈ ಒಂದು ವಿಷಯದಲ್ಲಿ ಆಯಿತು ಎಂದೇ ನಮ್ಮ ಅಭಿಪ್ರಾಯ. ಅನೇಕ ಜಿಲ್ಲೆಗಳಿಗೆ ಹರಡಿದ್ದ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಒಂದು ಮೂಲೆಯ ವಿಷಯ. ಎರಡು ಜಿಲ್ಲೆ ಮತ್ತು ಒಂದು ತಾಲೂಕಿನ ವಿಶ್ವವಿದ್ಯಾನಿಲಯದಲ್ಲಿ ಅದನ್ನು ಅಷ್ಟು ಸುಲಭವಾಗಿ ಮರೆಯಲು ಆಗುವುದಿಲ್ಲ. ಕನ್ನಡದ ಅಧ್ಯಾಪಕರು ತಮ್ಮ ಪಾಠವನ್ನು ತಾವೇ ಬರೆಯುವ ಮಂಡಳಿ ಬಸ್ಸಿನಲ್ಲಿ ಹೋಗಿ ಅದೇ ದಿನ ಮನೆಗೆ ಬರುವಷ್ಟು ಹತ್ತಿರಕ್ಕೆ ಬಂತು.

ಆದರೆ ಮಂಡಳಿ ನಮ್ಮದಾದರೂ ಚೌಕಟ್ಟು ನಮ್ಮದಲ್ಲ. ಅದನ್ನು ಮೇಲಿನಿಂದ ಕೊಡುತ್ತಾರೆ, ಮಂಡಳಿ ಒಳಗಿನದನ್ನು ತುಂಬಬೇಕು. 2009ರಲ್ಲಿ ಕೇರಳದ ಪದವಿ ತರಗತಿಗಳಿಗೆ ಸೆಮಿಸ್ಟರ್ ಮತ್ತು ಕ್ರೆಡಿಟ್ ಪದ್ಧತಿ ಬಂದಾಗ ಮೂರು ವರ್ಷದ ಪಾಠವನ್ನು ಆರು ತುಂಡು ಮಾಡಿ ಬರೆಯಬೇಕಾಯಿತು. 2014ರಲ್ಲಿ ಮತ್ತೆ ಪರಿಷ್ಕರಣೆ. 2019ರಲ್ಲಿ ಕಲಿಕಾ ಫಲ ಆಧಾರಿತ ಪದ್ಧತಿ ಎಂದು ಇನ್ನೊಂದು ಪರಿಷ್ಕರಣೆ. ಇದರಲ್ಲಿ ಪ್ರತಿಯೊಂದು ಪತ್ರಿಕೆಯ ಮುಂದೆಯೂ ಅದನ್ನು ಓದಿದ ವಿದ್ಯಾರ್ಥಿಗೆ ಏನು ಸಾಧ್ಯವಾಗುತ್ತದೆ ಎಂದು ಬರೆಯಬೇಕು. ಗಣಿತಕ್ಕೆ ಅದು ಸುಲಭ. ರನ್ನನ ಗದಾಯುದ್ಧ ಓದಿದವನಿಗೆ ಏನು ಸಾಧ್ಯವಾಗುತ್ತದೆ ಎಂದು ಪಟ್ಟಿ ಮಾಡಲು ಕುಳಿತವರ ಪಾಡನ್ನು ಊಹಿಸಿಕೊಳ್ಳಿ! ನಾವು ಶಾಲೆಯಲ್ಲಿ ಟೀಚಿಂಗ್ ಮ್ಯಾನುವಲ್ ಬರೆದು ಬರೆದು ಇದಕ್ಕೆಲ್ಲ ಒಗ್ಗಿಹೋಗಿದ್ದೇವೆ, ಅದು ಬೇರೆ ಮಾತು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ 2024ರ ಜುಲೈ 1ರಂದು ಶುರುವಾದ ನಾಲ್ಕು ವರ್ಷದ ಪದವಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಲೆಕ್ಕದಲ್ಲೇ ವಿಷಯವಿದೆ. ಹಿಂದಿನ ಪದ್ಧತಿಯಲ್ಲಿ ಮೂರು ವರ್ಷದ ಬಿ.ಎ., ಬಿ.ಎಸ್ಸಿ. ಪದವಿಗೆ ಒಟ್ಟು 120 ಕ್ರೆಡಿಟ್. ಅದರಲ್ಲಿ ಇಂಗ್ಲಿಷಿಗೆ 22, ನಾವು ಸೆಕೆಂಡ್ ಲ್ಯಾಂಗ್ವೇಜ್ ಎನ್ನುತ್ತಿದ್ದ ಇನ್ನೊಂದು ಭಾಷೆಗೆ 16. ಭೌತಶಾಸ್ತ್ರದ ಹುಡುಗಿಯೂ ಎರಡು ವರ್ಷ, ನಾಲ್ಕು ಸೆಮಿಸ್ಟರ್, ಕನ್ನಡದ ತರಗತಿಯಲ್ಲಿ ಕುಳಿತುಕೊಳ್ಳುತ್ತಿದ್ದಳು. ಹೊಸ ಪದ್ಧತಿಯಲ್ಲಿ ಮೂರು ವರ್ಷಕ್ಕೆ 133 ಕ್ರೆಡಿಟ್, ನಾಲ್ಕು ವರ್ಷದ ಆನರ್ಸಿಗೆ 177. ಭಾಷೆಗಳು 'ಸಾಮರ್ಥ್ಯ ವರ್ಧನೆ' ಎಂಬ ತಲೆಬರಹದ ಕೆಳಗೆ ಬಂದಿವೆ. ಮೊದಲ ಎರಡು ಸೆಮಿಸ್ಟರಿನಲ್ಲಿ ಇಂಗ್ಲಿಷಿಗೆ ಎರಡು ಪತ್ರಿಕೆ, ಇನ್ನೊಂದು ಭಾಷೆಗೆ ಎರಡು ಪತ್ರಿಕೆ, ಪ್ರತಿಯೊಂದಕ್ಕೂ 3 ಕ್ರೆಡಿಟ್. ಅಂದರೆ ಕನ್ನಡಕ್ಕೆ 6. ನೂರಿಪ್ಪತ್ತರಲ್ಲಿ ಹದಿನಾರಿದ್ದದ್ದು ನೂರ ಮೂವತ್ತಮೂರರಲ್ಲಿ ಆರಾಯಿತು!

ಕನ್ನಡವನ್ನೇ ಮೇಜರ್ ಅಥವಾ ಮೈನರ್ ಆಗಿ ಆರಿಸಿಕೊಂಡವರ ಲೆಕ್ಕ ಬೇರೆ, ಅವರಿಗೆ ಬೇಕಾದಷ್ಟಿದೆ. ಆದರೆ ಕನ್ನಡ ಮಾಧ್ಯಮದಿಂದ ಹೋದ ನಮ್ಮ ಮಕ್ಕಳಲ್ಲಿ ಕನ್ನಡ ಮೇಜರ್ ತೆಗೆದುಕೊಳ್ಳುವವರು ಎಷ್ಟು ಮಂದಿ? ಉಳಿದವರು ಬಿ.ಕಾಂ., ಬಿ.ಎಸ್ಸಿ., ಅರ್ಥಶಾಸ್ತ್ರ ಎಂದು ಹೋಗುವವರು. ಅವರಿಗೆ ಕಾಲೇಜಿನಲ್ಲಿ ಸಿಗುವ ಕನ್ನಡ ಇಷ್ಟೇ. ಕ್ರೆಡಿಟ್ ಇಳಿದರೆ ಗಂಟೆ ಇಳಿಯುತ್ತದೆ, ಗಂಟೆ ಇಳಿದರೆ ಹುದ್ದೆಯ ಪ್ರಶ್ನೆ ಬರುತ್ತದೆ. ಇದು ಮಲಯಾಳ, ಹಿಂದಿ, ಅರಬಿ ವಿಭಾಗಗಳಿಗೂ ಬಂದ ಕಷ್ಟವೇ. ಆದರೆ ನೂರಾರು ಕಾಲೇಜುಗಳಲ್ಲಿರುವ ಭಾಷೆ ಹತ್ತು ಹುದ್ದೆ ಕಳೆದುಕೊಂಡರೂ ಉಳಿಯುತ್ತದೆ. ಒಂದು ಜಿಲ್ಲೆಯ ಕೆಲವೇ ಕಾಲೇಜುಗಳಲ್ಲಿರುವ ಭಾಷೆಗೆ ಒಂದು ಹುದ್ದೆ ಹೋದರೂ ಅದು ಕಾಣುತ್ತದೆ. ಈ ಲೆಕ್ಕವನ್ನು ಮಾಡಿದವರು ಕನ್ನಡದ ಮಂಡಳಿಯವರಲ್ಲ. ಇಡೀ ರಾಜ್ಯಕ್ಕೆಂದು ಸಿದ್ಧವಾದ ಚೌಕಟ್ಟದು, ಅದರಲ್ಲಿ ಗಡಿನಾಡಿಗೆ ಬೇರೆ ಅಂಕಣ ಇರಲಿಲ್ಲ.

ಮಂಡಳಿಯಲ್ಲಿ ಯಾರು ಕೂರಬೇಕೆಂಬುದೇ ಜಗಳವಾದದ್ದೂ ಇದೆ. 2021ರಲ್ಲಿ ಕಣ್ಣೂರಿನ ಎಂ.ಎ. ಆಡಳಿತ ಮತ್ತು ರಾಜಕೀಯ ಪಠ್ಯಕ್ರಮದಲ್ಲಿ ಸಾವರ್ಕರ್, ಗೋಳ್ವಲ್ಕರ್ ಅವರ ಬರಹಗಳು ಸೇರಿದ ಬಗ್ಗೆ ದೊಡ್ಡ ಗಲಾಟೆಯಾಗಿ, ಇಬ್ಬರು ಪರಿಣತರ ಸಮಿತಿ ನೇಮಿಸಿ ಪಾಠವನ್ನು ತಿದ್ದಬೇಕಾಯಿತು. ಅದರ ಪರ ವಿರೋಧ ಇಲ್ಲಿ ಬೇಡ. ಅದುವರೆಗೆ ಯಾರೂ ತಿರುಗಿ ನೋಡದ ಸಿಲೆಬಸ್ ಕಡತ ಅಂದು ಪತ್ರಿಕೆಗಳ ಮುಖಪುಟಕ್ಕೆ ಬಂತೆಂಬುದಷ್ಟೇ ನಮಗೆ ಸ್ವಾರಸ್ಯ. ಅದೇ ಕಾಲಕ್ಕೆ ವಿಶ್ವವಿದ್ಯಾನಿಲಯ 72 ಅಧ್ಯಯನ ಮಂಡಳಿಗಳನ್ನು ಪುನಾರಚಿಸಿತು. ಸದಸ್ಯರನ್ನು ನಾಮಕರಣ ಮಾಡುವ ಅಧಿಕಾರ ಕುಲಾಧಿಪತಿಗಳಾದ ರಾಜ್ಯಪಾಲರದ್ದು ಎಂಬ ವಾದ ಹೈಕೋರ್ಟಿಗೆ ಹೋಗಿ, 2022ರಲ್ಲಿ ವಿಭಾಗೀಯ ಪೀಠ ಆ ಪುನಾರಚನೆಯನ್ನು ರದ್ದು ಮಾಡಿತು. ಪಾಠ ಬರೆಯುವ ಕುರ್ಚಿಗೆ ಇಷ್ಟು ಬೆಲೆ ಇದೆ ಎಂದು ಆಗ ಎಲ್ಲರಿಗೂ ಗೊತ್ತಾಯಿತು.

ಮತ್ತೆ ವಯನಾಡಿಗೆ ಬರೋಣ. ಒಂದು ಪ್ರದೇಶಕ್ಕೆ ಬೇಕಾದ ಪಾಠವನ್ನು ಆ ಪ್ರದೇಶದಲ್ಲೇ ಹುಟ್ಟಿಸಬಹುದು ಎಂಬುದಕ್ಕೆ ಅಲ್ಲಿ ಎರಡು ಉದಾಹರಣೆಗಳಿವೆ. ಕಣ್ಣೂರು ವಿಶ್ವವಿದ್ಯಾನಿಲಯ ತನ್ನ ಮಾನಂತವಾಡಿ ಕ್ಯಾಂಪಸ್ಸಿನಲ್ಲಿ ಗ್ರಾಮೀಣ ಮತ್ತು ಬುಡಕಟ್ಟು ಸಮಾಜಶಾಸ್ತ್ರದ ವಿಭಾಗ ತೆರೆಯಿತು. ಕಲ್ಲಿಕೋಟೆ ವಿಶ್ವವಿದ್ಯಾನಿಲಯ ಬತ್ತೇರಿಯ ಹತ್ತಿರ ಚೆದಲಯಂ ಎಂಬಲ್ಲಿ ಬುಡಕಟ್ಟು ಅಧ್ಯಯನ ಸಂಸ್ಥೆ ಮಾಡಿ ಆದಿವಾಸಿ ವಿದ್ಯಾರ್ಥಿಗಳಿಗೆಂದೇ ಕೋರ್ಸುಗಳನ್ನು ನಡೆಸಿತು. ಎರಡೂ ವಿಶ್ವವಿದ್ಯಾನಿಲಯಗಳು ಬೇರೆ ಬೇರೆಯಾಗಿ ಒಂದೇ ಜಿಲ್ಲೆಯ ಜನರನ್ನು ನೋಡಿ ಪಾಠ ಬರೆದವು. ಕಾಡಿನ ಗೆರೆ ಒಂದೇ ಇದ್ದರೂ ಕಡತಗಳು ಎರಡು.

ಆ ಜನರ ನುಡಿಗೆ ಕಾಲೇಜಿನಲ್ಲಿ ಯಾವ ಜಾಗವಿದೆ? ವಯನಾಡಿನ ಕಾಟ್ಟುನಾಯ್ಕರು ಗಡಿಯಾಚೆಯ ಜೇನುಕುರುಬರ ಬಳಗದವರು. ಅವರ ಮಾತು ಕನ್ನಡಕ್ಕೆ ಬಹಳ ಹತ್ತಿರ. ನಾಗರಹೊಳೆ, ಬಂಡೀಪುರದ ಕಾಡಂಚಿನವರಿಗೆ ಅರ್ಥವಾಗುವ ಮಾತು ಅದು. ಶಾಲೆಯಲ್ಲಿ ಅವರಿಗೆ ಮಲಯಾಳ. ಮನೆಯ ಮಾತಿಗೂ ತರಗತಿಯ ಮಾತಿಗೂ ನಡುವೆ ಸೇತುವೆಯಾಗಲೆಂದು 2017ರಲ್ಲಿ 'ಗೋತ್ರಬಂಧು' ಎಂಬ ಯೋಜನೆಯಲ್ಲಿ ಆದಿವಾಸಿ ಸಮುದಾಯದ ಯುವಕ ಯುವತಿಯರನ್ನೇ ಪ್ರಾಥಮಿಕ ಶಾಲೆಗಳಿಗೆ ನೇಮಿಸಿದರು. ಕೇರಳ ಸರಕಾರದ ಬಹಳ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದೆಂದು ನಾವು ಭಾವಿಸುತ್ತೇವೆ. ಒಂದನೇ ತರಗತಿಯ ಮಗು ಮೇಷ್ಟ್ರ ಮಾತು ಅರ್ಥವಾಗದೆ ಪಿಳಿಪಿಳಿ ನೋಡುವ ಆ ನೋಟ ನಮಗೂ ಗೊತ್ತು. ಕನ್ನಡ ಬಾರದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗೆ ಬಂದಾಗಲೆಲ್ಲ ನಾವು ಅದನ್ನು ಕಂಡವರೇ.

ಪ್ರಾಥಮಿಕದಲ್ಲಿ ಆದದ್ದು ಕಾಲೇಜಿನ ತನಕ ಏರಬೇಕಾದರೆ ಯಾರಾದರೂ ಒಂದು ಕರಡು ಬರೆದು ಒಂದು ಮಂಡಳಿಯ ಮುಂದೆ ಇಡಬೇಕು. ಹೊಸ ಪದ್ಧತಿಯಲ್ಲಿ ಅದಕ್ಕೆ ಒಂದು ಸಣ್ಣ ಕಿಂಡಿ ಇದೆ. ಪ್ರತಿಯೊಂದು ಪತ್ರಿಕೆಯಲ್ಲೂ ಸುಮಾರು 20 ಶೇಕಡಾ ಭಾಗವನ್ನು ಪಾಠ ಮಾಡುವ ಅಧ್ಯಾಪಕರೇ ನಿಶ್ಚಯಿಸಬಹುದು. ಅದರ ಮೌಲ್ಯಮಾಪನವೂ ಅವರದ್ದೇ. ಮಂಡಳಿ ಬರೆದ ನಾಲ್ಕು ಭಾಗದ ಜೊತೆಗೆ ತರಗತಿಯವರೇ ಬರೆಯುವ ಐದನೆಯದೊಂದು ಭಾಗ. 1857ರಿಂದ ಈಚೆಗೆ ಪಾಠ ಹೇಳುವವರ ಕೈಗೆ ಇಷ್ಟು ಬಂದದ್ದೂ ಅಪರೂಪವೇ. ಕಾಸರಗೋಡಿನ ಕನ್ನಡ ತರಗತಿಯಲ್ಲಿ ಅಲ್ಲಿಯ ಯಕ್ಷಗಾನ, ತುಳು ಪಾಡ್ದನ, ಹವ್ಯಕ ಭಾಷೆ ಯಾವುದನ್ನೂ ಇದರಲ್ಲಿ ಸೇರಿಸಬಹುದು. ಮಾನಂತವಾಡಿಯ ಸಮಾಜಶಾಸ್ತ್ರದ ಅಧ್ಯಾಪಕರು ಮನಸ್ಸು ಮಾಡಿದರೆ ಕಾಟ್ಟುನಾಯ್ಕರ ನುಡಿಯನ್ನೂ ತರಬಹುದು, ಯಾರ ಸಹಿಗೂ ಕಾಯಬೇಕಾಗಿಲ್ಲ.

ಇಡೀ ಕನ್ನಡ ಪತ್ರಿಕೆಯೇ ಬೇಕೆಂದರೆ ಮಾತ್ರ ಹಳೆಯ ದಾರಿಯೇ. ಮಾನಂತವಾಡಿಯ ಕಾಲೇಜೊಂದು ಕೇಳಿದರೆ ಪಾಠವನ್ನು ಹೊಸದಾಗಿ ಬರೆಯಬೇಕಾಗಿಲ್ಲ. ಕಾಸರಗೋಡಿನ ಮಕ್ಕಳು ಓದುವ, ಕಣ್ಣೂರಿನಲ್ಲಿ ಆಗಲೇ ಮಂಜೂರಾಗಿರುವ ಸಿಲೆಬಸ್ಸೇ ಅಲ್ಲಿಗೂ ಸಲ್ಲುತ್ತದೆ. ಬೇಕಾದದ್ದು ವಿದ್ಯಾರ್ಥಿಗಳು, ಹುದ್ದೆ, ಸರಕಾರದ ಅನುಮತಿ. ಬತ್ತೇರಿಯ ಕಾಲೇಜು ಕೇಳಿದರೆ ಕಣ್ಣೂರಿನ ಆ ಕಾಗದಕ್ಕೆ ಅಲ್ಲಿ ಬೆಲೆಯಿಲ್ಲ, ತೇಞಿಪ್ಪಲದ ಒಪ್ಪಿಗೆಯೇ ಆಗಬೇಕು. ಮುತ್ತಂಗದ ಚೆಕ್‌ಪೋಸ್ಟಿನಿಂದ ಗುಂಡ್ಲುಪೇಟೆಯ ರಸ್ತೆ ಶುರುವಾಗುವುದು ಆ ಬತ್ತೇರಿ ತಾಲೂಕಿನಿಂದಲೇ.